ಬೀದಿದೀಪಕ್ಕೆ, ಗಿಡಕ್ಕೆ ಅಂತ ಖರ್ಚಾದ ಸರ್ಕಾರಿ ದುಡ್ಡಿನ ಲೆಕ್ಕ ನಾವೇ ನೋಡೋದು ಹೇಗೆ

ನಮ್ಮೂರ ಕೆರೆ ಏರಿ ಮೇಲೆ ಆರು ಸೋಲಾರ್ ದೀಪ ಹಾಕಿದ್ರು, ಒಂದು ಮಳೆಗಾಲ ಚೆನ್ನಾಗೇ ಉರಿದ್ವು, ಆಮೇಲೆ ಒಂದೊಂದೇ ಆರಿ ಹೋಗಿ ಈಗ ಕಂಬ ಮಾತ್ರ ನಿಂತಿದೆ, ಎರಡು ಕಂಬದಲ್ಲಿ ಬ್ಯಾಟರಿ ಡಬ್ಬ ಬಾಯಿ ತೆಕ್ಕೊಂಡು ಖಾಲಿ. ಸಂಜೆ ಹಾಲು ಹಾಕಿ ಬರೋ ಹೆಂಗಸ್ರು ಆ ಏರಿ ಮೇಲೇ ಕತ್ತಲಲ್ಲಿ ನಡ್ಕೊಂಡು ಬರ್ತಾರೆ. ಇದನ್ನ ಕೇಳೋಣ ಅಂತ ಪಂಚಾಯ್ತಿಗೆ ಹೋದಾಗ ನಂಗೆ ಏನು ಕೇಳ್ಬೇಕು ಅಂತಾನೇ ಗೊತ್ತಿರ್ಲಿಲ್ಲ, "ದೀಪ ಉರೀತಿಲ್ಲ" ಅಂದೆ, "ನೋಡೋಣ" ಅಂದ್ರು, ಅಲ್ಲಿಗೆ ಮುಗೀತು. ಆಮೇಲೆ ಎರಡು ವರ್ಷ ಕಾಗದ ಓದಿ, ಅರ್ಜಿ ಹಾಕಿ, ರಾತ್ರಿ ಟಾರ್ಚ್ ಹಿಡ್ಕೊಂಡು ಕಂಬ ಎಣಿಸಿ ಕಲಿತಿದ್ದನ್ನ ಇಲ್ಲಿ ಬರೀತಿದೀನಿ. ಪೂರ್ತಿ ಜಿಲ್ಲೆ, ಪೂರ್ತಿ ರಾಜ್ಯ ಅಂತ ಹೋಗ್ಬೇಡಿ. ಒಂದು ಪಂಚಾಯ್ತಿ, ಒಂದು ವರ್ಷ, ಒಂದು ಕಾಮಗಾರಿ ಸಾಕು.

ಶುರು ಮಾಡೋಕೆ ಮುಂಚೆ, ಆಡಿಟ್ ಮಾಡೋರು ಯಾರ್ಯಾರು ಅಂತ ಸ್ವಲ್ಪ ತಿಳ್ಕೊಳ್ಳಿ. ಗ್ರಾಮ ಪಂಚಾಯ್ತಿ ಲೆಕ್ಕವನ್ನ ರಾಜ್ಯ ಲೆಕ್ಕಪರಿಶೋಧನೆ ಇಲಾಖೆಯವ್ರು ನೋಡ್ತಾರೆ. ಅದರ ಮೇಲೆ ಸಿಎಜಿ (ದೇಶದ ಮಹಾಲೆಕ್ಕಪರಿಶೋಧಕರು) ಇದೆ, ಅವರ ವರದಿ ವಿಧಾನಸಭೆಗೋ ಸಂಸತ್ತಿಗೋ ಹೋಗಿ ಅಲ್ಲಿಂದ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಮುಂದೆ ಬರುತ್ತೆ. ಇವ್ರೆಲ್ಲ ಎಲ್ಲಾ ಕಂಬದ ಹತ್ರ ಬರಲ್ಲ, ಬರೋಕೆ ಆಗೋದೂ ಇಲ್ಲ, ಸ್ಯಾಂಪಲ್ ತಗೊಂಡು ಕಾಗದ ನೋಡ್ತಾರೆ. ಕಂಬದ ಪಕ್ಕದಲ್ಲೇ ಇರೋರು ನಾವು, ಹಾಗಾಗಿ ಅವರಿಗೆ ಕಾಣದೇ ಇರೋದು ನಮಗೆ ಕಾಣುತ್ತೆ. ನಮಗೆ ಕಾಗದ ಸಿಕ್ಕಿರಲ್ಲ ಅಷ್ಟೇ. ಕಾಗದ ತರಿಸ್ಕೊಂಡು ಅದನ್ನ ಕಂಬದ ಹತ್ರ ಹಿಡಿದು ನೋಡೋದು, ಇಡೀ ಕೆಲಸ ಇಷ್ಟೇ.

ಮೊದಲು ಎರಡು ಹಳೇ ಸಿಎಜಿ ವರದಿ ಓದಿ ಅಂತ ನಾನು ಎಲ್ರಿಗೂ ಹೇಳ್ತೀನಿ, ಯಾಕಂದ್ರೆ ಪ್ರಶ್ನೆ ಕೇಳೋದು ಹೇಗೆ ಅಂತ ಅದರಲ್ಲೇ ಕಲಿಬೋದು. 2013ರಲ್ಲಿ ಪರಿಹಾರಾತ್ಮಕ ಅರಣ್ಯೀಕರಣದ ಮೇಲೆ ಒಂದು ವರದಿ ಬಂತು. ಅಣೆಕಟ್ಟು, ಗಣಿ, ರಸ್ತೆಗೆ ಅಂತ ಕಾಡು ಕೊಟ್ರೆ ಅದರ ಬದಲಿಗೆ ಕಾಡಲ್ಲದ ಜಮೀನು ತಗೊಂಡು ಅಲ್ಲಿ ಗಿಡ ಬೆಳೆಸ್ಬೇಕು ಅಂತ ನಿಯಮ. 2006ರಿಂದ 2012ರ ತನಕ ಬರಬೇಕಾಗಿದ್ದ ಜಮೀನು 1,03,381 ಹೆಕ್ಟೇರ್, ಬಂದಿದ್ದು 28,086, ಗಿಡ ನೆಟ್ಟಿದ್ದು ಬರೀ 7,280 ಹೆಕ್ಟೇರಲ್ಲಿ, ಅಂದ್ರೆ ಬರಬೇಕಾಗಿದ್ದ ಜಮೀನಿನ ನೂರಕ್ಕೆ 7. ನೋಡಿ ಎಷ್ಟು ಸರಳ ಲೆಕ್ಕ ಇದು. ಎಷ್ಟು ಬರಬೇಕಿತ್ತು, ಎಷ್ಟು ಬಂತು, ಬಂದಿದ್ದರಲ್ಲಿ ಎಷ್ಟು ಕೆಲಸ ಆಯ್ತು, ಈ ಮೂರೇ ಪ್ರಶ್ನೆ. ಇನ್ನೊಂದು ಉತ್ತರಾಖಂಡದ್ದು, 2025ರ ಫೆಬ್ರವರಿಯಲ್ಲಿ ಅಲ್ಲಿನ ವಿಧಾನಸಭೆ ಮುಂದೆ ಬಂತು, ಇದೇ ಬದಲಿ ಕಾಡು ಬೆಳೆಸೋಕೆ ಅಂತ ಇಟ್ಟಿರೋ ಕ್ಯಾಂಪಾ ನಿಧಿಯ ದುಡ್ಡಲ್ಲಿ ಐಫೋನು, ಲ್ಯಾಪ್‌ಟಾಪು, ಫ್ರಿಜ್ಜು ತಗೊಂಡಿದ್ದನ್ನ ಆಡಿಟರ್‌ಗಳು ಎತ್ತಿ ತೋರಿಸಿದ್ರು. ಅಲ್ಲಿ ಕೇಳಿದ್ದು ಬೇರೆ ಪ್ರಶ್ನೆ, ಈ ದುಡ್ಡನ್ನ ಇದಕ್ಕೆ ಖರ್ಚು ಮಾಡೋಕೆ ನಿಯಮದಲ್ಲಿ ಜಾಗ ಇದ್ಯಾ ಅನ್ನೋದು. ಈ ನಾಲ್ಕು ಪ್ರಶ್ನೆ ಒಂದು ಚೀಟಿಲಿ ಬರೆದಿಟ್ಕೊಳ್ಳಿ, ಮುಂದಿನ ಎಲ್ಲದಕ್ಕೂ ಬೇಕಾಗುತ್ತೆ.

ಈಗ ಮನೇಲೇ ಕೂತು ಮಾಡೋ ಕೆಲಸ. ಫೋನಲ್ಲಿ ಇ-ಗ್ರಾಮಸ್ವರಾಜ್ ಅನ್ನೋ ಸರ್ಕಾರಿ ಪೋರ್ಟಲ್ ತೆಗೀರಿ, ನಿಮ್ಮ ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಆರಿಸಿದ್ರೆ ಹಣಕಾಸು ಆಯೋಗದ ದುಡ್ಡಲ್ಲಿ ಯಾವ ವರ್ಷ ಏನೇನಕ್ಕೆ ಪೇಮೆಂಟ್ ಆಗಿದೆ ಅಂತ ವೋಚರ್ ಸಮೇತ ಬರುತ್ತೆ. ಪಂಚಾಯ್ತಿಗಳ ಪಂಚತಂತ್ರ ಪೋರ್ಟಲಲ್ಲೂ ನೋಡಿ. ಆಡಿಟ್ ಆನ್‌ಲೈನ್ ಅಂತ ಇನ್ನೊಂದು ಪೋರ್ಟಲ್ ಇದೆ, ಅದರಲ್ಲಿ ನಿಮ್ಮ ಪಂಚಾಯ್ತಿಯ ಆಡಿಟ್ ವರದಿ ಸಿಕ್ರೆ ನಿಮ್ಮ ಅರ್ಧ ಕೆಲಸ ಆದಂಗೇ, ಯಾಕಂದ್ರೆ "ಸ್ಟಾಕ್ ರಿಜಿಸ್ಟರ್ ಹಾಜರುಪಡಿಸಿಲ್ಲ" ಅಂತ ಒಂದು ಆಕ್ಷೇಪಣೆ ಮೂರು ವರ್ಷದಿಂದ ಹಾಗೇ ಬರ್ತಿರೋದು ಅಲ್ಲೇ ಕಣ್ಣಿಗೆ ಬೀಳುತ್ತೆ. "ಬೀದಿದೀಪ", "ಎಲ್ಇಡಿ", "ಸೋಲಾರ್", "ವಿದ್ಯುತ್ ಸಾಮಗ್ರಿ" ಈ ಪದ ಇರೋ ಸಾಲನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸ್ಕೊಳ್ಳಿ, ತಾರೀಕು, ಮೊತ್ತ, ಯಾರಿಗೆ ಪೇಮೆಂಟ್ ಅಂತ. ಇಲ್ಲಿ ಒಂದು ವಿಷಯ ಗಮನಿಸಿ, ಒಂದೇ ಅಂಗಡಿಗೆ ಒಂದೇ ವಾರದಲ್ಲಿ ನಾಲ್ಕೈದು ಬಿಲ್ಲು, ಎಲ್ಲಾನೂ ಟೆಂಡರ್ ಕರೀಬೇಕಾದ ಮಿತಿಗಿಂತ ಸ್ವಲ್ಪವೇ ಕೆಳಗೆ ಇದ್ರೆ, ಒಂದೇ ಖರೀದೀನ ತುಂಡು ತುಂಡು ಮಾಡಿದಾರಾ ಅಂತ ಕೇಳೋಕೆ ಕಾರಣ ಇದೆ. ಸರ್ಕಾರಿ ಖರೀದಿಗೆ ಅಂತ ಮಾಡಿರೋ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆ ಇರೋದೇ ಇಂಥದ್ದನ್ನ ತಡೆಯೋಕೆ. ಟೆಂಡರ್ ಆಗಿದ್ರೆ ರಾಜ್ಯದ ಟೆಂಡರ್ ಪೋರ್ಟಲ್ ಕೆಪಿಪಿಪಿಲಿ ಇರ್ಬೇಕು, ಟೆಂಡರ್ ಇಲ್ದೆ ಕೊಟ್ಟಿದ್ರೆ ಯಾವ ವಿನಾಯ್ತಿ ಮೇಲೆ ಕೊಟ್ರು ಅನ್ನೋ ಆದೇಶ ಫೈಲಲ್ಲಿ ಇರ್ಬೇಕು, ಅದೇ ಕಾಯ್ದೆಯ 4(ಜಿ) ಅಂತ ಹೇಳೋದು ಇಂಥ ಒಂದು ವಿನಾಯ್ತಿಗೇ.

ಆಮೇಲೆ ಆರ್‌ಟಿಐ. ಮಾಹಿತಿ ಹಕ್ಕಿನ ಅರ್ಜಿ ಅಂದ್ರೆ ಇದೇ, ಇಲ್ಲೇ ತುಂಬಾ ಜನ ಎಡವೋದು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಾನು ಮೊದಲ್ನೇ ಸಲ ಬೀದಿದೀಪ, ಕುಡಿಯೋ ನೀರು, ಚರಂಡಿ, ಗಿಡ ಎಲ್ಲಾ ಸೇರಿಸಿ ಎರಡು ಪುಟ ಬರೆದು ಕಳಿಸಿದ್ದೆ, ವಾಪಸ್ ಬಂತು. ಇನ್ನೊಂದು ತಪ್ಪು ಅಂದ್ರೆ "ಯಾಕೆ ದೀಪ ಉರೀತಿಲ್ಲ?" ಅಂತ ಕೇಳೋದು. ಆರ್‌ಟಿಐಲಿ ಯಾಕೆ ಅನ್ನೋದಕ್ಕೆ ಉತ್ತರ ಸಿಗಲ್ಲ, ದಾಖಲೆ ಸಿಗುತ್ತೆ. ಹಾಗಾಗಿ ದಾಖಲೆ ಹೆಸರು ಹಿಡಿದು ಕೇಳಿ. ಅರ್ಜಿಯ ನಮೂನೆ 'ಎ'ಲಿ ಹೀಗೆ ಬರೀಬಹುದು:

"ವಿಷಯ: 2023-24ನೇ ಸಾಲಿನಲ್ಲಿ ______ ಗ್ರಾಮದಲ್ಲಿ ಕೈಗೊಂಡ ಬೀದಿದೀಪ ಕಾಮಗಾರಿಯ ದಾಖಲೆಗಳು. ಸದರಿ ಕಾಮಗಾರಿಗೆ ಸಂಬಂಧಿಸಿದ ಕ್ರಿಯಾ ಯೋಜನೆಯ ಪುಟ, ಅಂದಾಜು ಪಟ್ಟಿ, ದರಪಟ್ಟಿಗಳು ಅಥವಾ ಟೆಂಡರ್ ದಾಖಲೆ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ ಮತ್ತು ವೋಚರ್, ದಾಸ್ತಾನು ವಹಿಯ ಪುಟಗಳು, ವಾರಂಟಿ ಪತ್ರ ಹಾಗೂ ನಿರ್ವಹಣಾ ಒಪ್ಪಂದದ ದೃಢೀಕೃತ ನಕಲುಗಳನ್ನು ಒದಗಿಸಲು ಕೋರುತ್ತೇನೆ."

ಇಷ್ಟೇ. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸ್ಪೀಡ್ ಪೋಸ್ಟಲ್ಲಿ ಕಳಿಸಿ, ಬಿಪಿಎಲ್ ಕಾರ್ಡ್ ಇದ್ರೆ ಆ 10 ರೂಪಾಯೀನೂ ಬೇಡ, ಕಾರ್ಡಿನ ಜೆರಾಕ್ಸ್ ಇಡಿ. 30 ದಿನದೊಳಗೆ ಉತ್ತರ ಬರಬೇಕು. ಬರ್ಲಿಲ್ಲ ಅಂದ್ರೆ ಅಥವಾ ಅರ್ಧಂಬರ್ಧ ಬಂದ್ರೆ ಮುಂದಿನ 30 ದಿನದೊಳಗೆ ತಾಲ್ಲೂಕು ಪಂಚಾಯ್ತಿ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿ) ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗಕ್ಕೆ ಹೋದ್ರೆ ತುಂಬಾ ಕಾಯ್ಬೇಕಾಗುತ್ತೆ, ಹಾಗಾಗಿ ಕೆಳಗಡೇನೇ ಮುಗಿಸ್ಕೊಳ್ಳೋಕೆ ನೋಡಿ. ತುಂಬಾ ಜನಕ್ಕೆ ಗೊತ್ತಿಲ್ದಿರೋ ಒಂದು ಹಕ್ಕು ಇದೆ, ಕಾಯ್ದೆಯ 2(ಜೆ) ಪ್ರಕಾರ ಬರೀ ನಕಲು ಮಾತ್ರ ಅಲ್ಲ, ಕಾಮಗಾರಿಯನ್ನೇ ಪರಿಶೀಲನೆ ಮಾಡೋಕೆ, ಸಾಮಗ್ರಿಯ ದೃಢೀಕೃತ ಸ್ಯಾಂಪಲ್ ತಗೊಳ್ಳೋಕೂ ಕೇಳಬಹುದು. ಸ್ಟೋರ್ ರೂಮಲ್ಲಿ ಬಿದ್ದಿರೋ ಹಾಳಾದ ಬಲ್ಬ್ ರಾಶಿ ನೋಡ್ಬೇಕು ಅಂತ ಅರ್ಜಿ ಹಾಕಿ ಹೋಗಿ ನೋಡಿ, ಎಷ್ಟೋ ಪುಟ ಜೆರಾಕ್ಸ್‌ಗಿಂತ ಅದೇ ಜಾಸ್ತಿ ಹೇಳುತ್ತೆ.

ಕಾಗದ ಕೈಗೆ ಬಂದ ಮೇಲೆ ಅದನ್ನ ಒಂದಕ್ಕೊಂದು ಜೋಡಿಸಿ ನೋಡಿ. ಎಸ್ಟಿಮೇಟಲ್ಲಿ ಎಷ್ಟು ದೀಪ, ಬಿಲ್ಲಲ್ಲಿ ಎಷ್ಟು, ಎಂಬಿ ಅಂದ್ರೆ ಅಳತೆ ಪುಸ್ತಕದಲ್ಲಿ ಎಷ್ಟು, ಸ್ಟಾಕ್ ರಿಜಿಸ್ಟರಲ್ಲಿ ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯ್ತು. ನಾಲ್ಕೂ ಕಡೆ ಒಂದೇ ಸಂಖ್ಯೆ ಇರ್ಬೇಕು. ತಾರೀಕೂ ನೋಡಿ, ಕಾರ್ಯಾದೇಶಕ್ಕಿಂತ ಮುಂಚೆ ಬಿಲ್ಲು ಇದ್ರೆ ಪೆನ್ಸಿಲಲ್ಲಿ ಗುರುತು ಹಾಕಿ. ಬಿಲ್ಲಲ್ಲಿ "ಎಲ್ಇಡಿ ಬಲ್ಬ್" ಅಂತ ಬರೆದು ಎಷ್ಟು ವ್ಯಾಟು, ಯಾವ ಕಂಪನಿ, ಸರ್ಕಾರಿ ಗುಣಮಟ್ಟದ (ಬಿಐಎಸ್) ಗುರುತು ಇದ್ಯಾ ಅಂತ ಬರೀದೇ ಇದ್ರೆ ಅದೇ ಒಂದು ಆಕ್ಷೇಪಣೆ. ಇನ್ನು, ಒಂದೇ ದೀಪಕ್ಕೆ ಎರಡು ಕಡೆಯಿಂದ ದುಡ್ಡು ಬಂದಿರೋದನ್ನ ಹಿಡಿಯೋದು ಕಷ್ಟ, ಆದ್ರೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಬೀದಿದೀಪಕ್ಕೆ ಹಣಕಾಸು ಆಯೋಗದಿಂದಲೂ ಬರುತ್ತೆ, ಪಂಚಾಯ್ತಿ ಸ್ವಂತ ತೆರಿಗೆ ದುಡ್ಡಿಂದಲೂ ಆಗುತ್ತೆ, ಶಾಸಕರ ನಿಧಿ, ಸಂಸದರ ನಿಧಿಯಿಂದಲೂ ಆಗುತ್ತೆ. ಆ ಪಟ್ಟಿಗಳನ್ನೂ ಬೇರೆ ಅರ್ಜಿ ಹಾಕಿ ತರಿಸ್ಕೊಂಡು, "ದೇವಸ್ಥಾನದಿಂದ ಶಾಲೆ ತನಕ" ಅನ್ನೋ ಒಂದೇ ಜಾಗ ಎರಡು ಪಟ್ಟೀಲಿ ಇದ್ಯಾ ನೋಡಿ. ಇದೆ ಅಂದ ತಕ್ಷಣ ಕಳ್ಳತನ ಅಂತ ಅಲ್ಲ, ಒಂದು ಸಲ ಕಂಬಕ್ಕೆ, ಇನ್ನೊಂದು ಸಲ ದೀಪಕ್ಕೆ ಇರಬಹುದು. ಅದಕ್ಕೇ ಎಸ್ಟಿಮೇಟ್ ಓದ್ಬೇಕು ಅನ್ನೋದು.

ಈಗ ಕಂಬದ ಹತ್ರ ಹೋಗೋಣ. ಇದಕ್ಕೆ ಒಬ್ರೇ ಹೋಗ್ಬೇಡಿ, ಇಬ್ರು ಮೂರು ಜನ ಹೋಗಿ, ಸ್ತ್ರೀಶಕ್ತಿ ಸಂಘದವ್ರು ಒಬ್ರು ಜೊತೆಗಿದ್ರೆ ಬಹಳ ಒಳ್ಳೇದು, ಯಾವ ದೀಪ ಯಾವಾಗ ಆರುತ್ತೆ ಅಂತ ಅವರಿಗೆ ಗೊತ್ತಿರೋಷ್ಟು ಇನ್ಯಾರಿಗೂ ಗೊತ್ತಿರಲ್ಲ. ಊರಿನ ಒಂದು ಕೈನಕ್ಷೆ ಬರ್ಕೊಳ್ಳಿ, ಕಂಬಕ್ಕೆಲ್ಲ ನಂಬರ್ ಹಾಕ್ಕೊಳ್ಳಿ. ಹಗಲಲ್ಲಿ ಒಂದು ಸಲ, ರಾತ್ರಿ ಎರಡು ಸಲ ಹೋಗ್ಬೇಕು. ಹಗಲು ಹನ್ನೊಂದು ಗಂಟೇಲಿ ಹೋದ್ರೆ ಬಿಸಿಲಲ್ಲೂ ಉರೀತಿರೋ ದೀಪ ಸಿಗುತ್ತೆ, ಸ್ವಿಚ್ ಇಲ್ದೆ ನೇರ ಲೈನಿಗೆ ಕೊಟ್ಟಿರೋದು. ಸಂಜೆ ಏಳೂವರೆಗೆ ಒಂದು ಸುತ್ತು. ಸೋಲಾರ್ ಇದ್ರೆ ಬೆಳಗಿನ ಜಾವ ನಾಲ್ಕು ಗಂಟೆಗೆ ಇನ್ನೊಂದು ಸುತ್ತು ಹೋಗ್ಲೇಬೇಕು. ಸೋಲಾರ್ ದೀಪ ಸಂಜೆ ಏಳಕ್ಕೆ ಎಲ್ಲಾ ಉರೀತವೆ, ಬ್ಯಾಟರಿ ಸತ್ತಿರೋದು ಒಂಬತ್ತಕ್ಕೇ ಆರಿ ಹೋಗುತ್ತೆ, ಪರಿಶೀಲನೆಗೆ ಬಂದೋರು ಏಳಕ್ಕೆ ಫೋಟೋ ತೆಕ್ಕೊಂಡು ಹೋಗಿರ್ತಾರೆ.

ಬ್ಯಾಟರಿ ಲೆಕ್ಕ ಕಷ್ಟ ಏನಿಲ್ಲ. ಎಸ್ಟಿಮೇಟಲ್ಲಿ 12 ವ್ಯಾಟ್ ದೀಪ, 12.8 ವೋಲ್ಟ್ 30 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಅಂತ ಇದೆ ಅಂದ್ಕೊಳ್ಳಿ. 12.8ನ್ನ 30ರಿಂದ ಗುಣಿಸಿದ್ರೆ 384 ವ್ಯಾಟ್-ಅವರ್. ದೀಪ ರಾತ್ರಿ 11 ಗಂಟೆ ಉರಿದ್ರೆ ಖರ್ಚಾಗೋದು 132. ಅಂದ್ರೆ ಒಂದು ದಿನ ಬಿಸಿಲು ಬರದಿದ್ರೂ ಎರಡು ರಾತ್ರಿ ಆರಾಮಾಗಿ ಬರಬೇಕು. ಬಿಸಿಲಿರೋ ಮಾರ್ಚ್ ತಿಂಗಳಲ್ಲೇ ಒಂಬತ್ತು ಗಂಟೆಗೆ ಆರ್ತಾ ಇದೆ ಅಂದ್ರೆ ಬ್ಯಾಟರಿ ಕೆಟ್ಟಿದೆ, ಇಲ್ಲ ಚಿಕ್ಕದು ಹಾಕಿದಾರೆ, ಇಲ್ಲ ಪ್ಯಾನೆಲ್ ಮೇಲೆ ಧೂಳು ಕೂತಿದೆ, ಇಲ್ಲ ಹುಣಸೆ ಮರದ ನೆರಳು ಬೀಳ್ತಿದೆ. ಪ್ಯಾನೆಲ್ ಹಿಂದಿನ ಲೇಬಲ್, ಬ್ಯಾಟರಿ ಮೇಲಿನ ಲೇಬಲ್ ಎರಡರದ್ದೂ ಫೋಟೋ ತೆಗೀರಿ, ಆದ್ರೆ ನೀವೇ ಕಂಬ ಹತ್ತಬೇಡಿ, ಪಂಚಾಯ್ತಿ ಎಲೆಕ್ಟ್ರಿಷಿಯನ್ ಇರುವಾಗಲೇ ತೆಗೆಸಿ. ಆಮೇಲೆ ವಾರಂಟಿ ಎಷ್ಟು ವರ್ಷ ಅಂತ ನೋಡಿ. ಐದು ವರ್ಷದ ನಿರ್ವಹಣೆ ದುಡ್ಡನ್ನೂ ಸೇರಿಸಿ ಬಿಲ್ ಕೊಟ್ಟಿದ್ರೆ, ಎರಡನೇ ವರ್ಷ ಕೆಟ್ಟ ದೀಪಕ್ಕೆ ಪಂಚಾಯ್ತಿ ಮತ್ತೆ ದುಡ್ಡು ಕೊಟ್ಟು ಬ್ಯಾಟರಿ ತಂದಿದ್ಯಾ, ಸಪ್ಲೈ ಮಾಡಿದವರ ಭದ್ರತಾ ಠೇವಣಿನ ವಾರಂಟಿ ಮುಗಿಯೋ ಮುಂಚೆನೇ ವಾಪಸ್ ಕೊಟ್ಬಿಟ್ಟಿದಾರಾ, ಇವೆರಡೂ ಕೇಳ್ಬೇಕು. ನಮ್ಮ ಕೆರೆ ಏರಿ ದೀಪದ ವಿಷಯದಲ್ಲಿ ಕೊನೆಗೆ ಸಿಕ್ಕಿದ್ದು ಇದೇ. ವಾರಂಟಿ ಪತ್ರ ಫೈಲಲ್ಲಿ ಭದ್ರವಾಗಿ ಇತ್ತು, ಇನ್ನೂ ಒಂದೂವರೆ ವರ್ಷ ಬಾಕಿ ಇತ್ತು, ಆದ್ರೆ ಕೆಟ್ಟಿದೆ ಅಂತ ಸಪ್ಲೈ ಮಾಡಿದವ್ರಿಗೆ ಒಂದು ಕಾಗದಾನೂ ಬರೆದಿರ್ಲಿಲ್ಲ. ಯಾರೂ ದುಡ್ಡು ತಿಂದಿರ್ಲಿಲ್ಲ, ಆದ್ರೂ ದುಡ್ಡು ಹಾಳಾಗಿತ್ತು. ನಂಗೆ ಆವತ್ತು ತುಂಬಾ ಬೇಜಾರಾಯ್ತು.

ಲೈನ್ ಮೇಲಿರೋ ಸಾಮಾನ್ಯ ಬೀದಿದೀಪಕ್ಕೆ ಕರೆಂಟ್ ಬಿಲ್ಲೇ ದೊಡ್ಡ ಖರ್ಚು. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಯಾವುದೇ ಇರ್ಲಿ, ಬೀದಿದೀಪದ ಆರ್.ಆರ್. (ಕರೆಂಟ್ ಸಂಪರ್ಕದ) ನಂಬರ್‌ಗಳ ಒಂದು ವರ್ಷದ ಬಿಲ್ ತರಿಸಿ, ನಿಮ್ಮ ಎಣಿಕೆ ಜೊತೆ ಹೋಲಿಸಿ. ಉದಾಹರಣೆಗೆ ಊರಲ್ಲಿ 20 ವ್ಯಾಟಿನ 160 ದೀಪ ಇದ್ರೆ ಒಟ್ಟು 3.2 ಕಿಲೋವ್ಯಾಟ್, ದಿನಕ್ಕೆ 11 ಗಂಟೆ ಅಂದ್ರೆ 35.2 ಯೂನಿಟ್, ತಿಂಗಳಿಗೆ 1,056 ಯೂನಿಟ್. ಬಿಲ್ಲಲ್ಲಿ 2,000 ದಾಟ್ತಿದ್ರೆ ದೀಪ ಹಗಲೂ ರಾತ್ರಿ ಉರೀತಿದೆ, ಇಲ್ಲ ಮೀಟರಿಂದ ಬೇರೆ ಏನೋ ಎಳೆದಿದಾರೆ, ಇಲ್ಲ ಮೀಟರೇ ಓಡ್ತಿಲ್ಲ, ಅಂದಾಜಲ್ಲಿ ಬಿಲ್ ಹಾಕ್ತಿದಾರೆ. ಎಲ್ಇಡಿಗೆ ಬದಲಾಯಿಸಿದ ಮೇಲೆ ಯೂನಿಟ್ ಕಮ್ಮಿ ಆಗ್ಲೇಬೇಕಲ್ವಾ? ಬದಲಾಯಿಸಿದ ಹಿಂದಿನ ವರ್ಷದ್ದೂ ಮುಂದಿನ ವರ್ಷದ್ದೂ ಬಿಲ್ ಪಕ್ಕ ಪಕ್ಕ ಇಟ್ಟು ನೋಡಿ, ರೂಪಾಯಿ ನೋಡ್ಬೇಡಿ, ದರ ಏರ್ತಾ ಇರುತ್ತೆ, ಯೂನಿಟ್ ನೋಡಿ. ಕಮ್ಮಿ ಆಗಿಲ್ಲ ಅಂದ್ರೆ ಆ ಯೋಜನೆ ಉದ್ದೇಶಾನೇ ಈಡೇರಿಲ್ಲ ಅಂತ ಅರ್ಥ. ನೀರಗಂಟಿಯನ್ನೂ ಮಾತಾಡಿಸಿ, ತುಂಬಾ ಕಡೆ ದೀಪದ ಸ್ವಿಚ್ ಹಾಕೋದು, ಆರಿಸೋದು ಅವರೇ, ಒಂದು ಟೈಮರ್ ಕೊಡಿ ಅಂತ ಅವ್ರು ವರ್ಷಗಟ್ಟಲೆಯಿಂದ ಕೇಳ್ತಿರ್ತಾರೆ.

ಗಿಡದ ಲೆಕ್ಕ ಬೇರೆ ಥರ. ಕಂಬ ನಾಳೆನೂ ಅಲ್ಲೇ ಇರುತ್ತೆ, ಗಿಡ ಒಣಗಿ ಹೋದ್ರೆ ಗುರುತೂ ಉಳಿಯಲ್ಲ. ಮಳೆಗಾಲದಲ್ಲಿ ನೋಡೋಕೆ ಹೋಗ್ಬೇಡಿ, ಎಲ್ಲಾ ಹಸಿರಾಗಿರುತ್ತೆ. ಶಿವರಾತ್ರಿ ಕಳೆದ ಮೇಲೆ ಹೋಗಿ, ಬದುಕಿರೋದು ಯಾವುದು ಅಂತ ಆಗ ಗೊತ್ತಾಗುತ್ತೆ. ಅರಣ್ಯ ಇಲಾಖೆ ನೆಡುತೋಪಾದ್ರೆ ವಲಯ ಅರಣ್ಯಾಧಿಕಾರಿ ಕಚೇರಿಯಿಂದ ಪ್ಲಾಂಟೇಶನ್ ಜರ್ನಲ್ ನಕಲು ಕೇಳಿ, ಯಾವ ಸರ್ವೆ ನಂಬರ್, ಎಷ್ಟು ಹೆಕ್ಟೇರ್, ಯಾವ್ಯಾವ ಜಾತಿ, ಎಷ್ಟು ಅಂತರ, ನೀರಿಗೆ, ಕಾವಲಿಗೆ, ಸತ್ತ ಗಿಡದ ಜಾಗಕ್ಕೆ ಮತ್ತೆ ನೆಟ್ಟಿದ್ದಕ್ಕೆ ಎಷ್ಟು ಅಂತ ಅದರಲ್ಲಿ ಇರ್ಬೇಕು. ಕ್ಯಾಂಪಾ ದುಡ್ಡಾದ್ರೆ ಇ-ಗ್ರೀನ್ ವಾಚ್ ಪೋರ್ಟಲಲ್ಲಿ ನೆಡುತೋಪಿನ ಗಡಿ ನಕ್ಷೆ ಮೇಲೆ ನೋಡಬಹುದು.

ಎಲ್ಲಾ ಗಿಡ ಎಣಿಸೋಕೆ ಆಗಲ್ಲ. 3 ಮೀಟರ್ ಅಂತರದಲ್ಲಿ ನೆಟ್ರೆ ಹೆಕ್ಟೇರಿಗೆ 1,111 ಗುಣಿ ಬರುತ್ತೆ. 20 ಮೀಟರ್ ಉದ್ದ 25 ಮೀಟರ್ ಅಗಲದ ಒಂದು ತುಂಡು ಹಗ್ಗದಲ್ಲಿ ಅಳೆದ್ರೆ ಅದರಲ್ಲಿ ಸುಮಾರು 55 ಗುಣಿ ಇರ್ಬೇಕು. ಇಂಥ ಐದಾರು ತುಂಡು ಎಣಿಸಿ. ಯಾವ ತುಂಡು ಅಂತ ಮನೇಲೇ ನಕ್ಷೆ ಮೇಲೆ ಚೀಟಿ ಎತ್ತಿ ನಿರ್ಧಾರ ಮಾಡಿ, ಅಲ್ಲಿಗೆ ಹೋಗಿ ಆರಿಸ್ಬೇಡಿ, ರಸ್ತೆ ಪಕ್ಕದ ಸಾಲು ಯಾವಾಗ್ಲೂ ಚೆನ್ನಾಗಿರುತ್ತೆ, ಒಳಗಡೆ ಹೋದ್ರೇನೇ ಗೊತ್ತಾಗೋದು. ಪ್ರತಿ ತುಂಡಲ್ಲೂ ಗುಣಿ ಎಷ್ಟು, ಜೀವಂತ ಗಿಡ ಎಷ್ಟು, ಪಟ್ಟೀಲಿರೋ ಜಾತೀನಾ ಅಂತ ಬರ್ಕೊಳ್ಳಿ. ಗುಣಿಯೇ 30 ಇದ್ರೆ ಅದು ಬರಗಾಲದ ತಪ್ಪಲ್ಲ. ಗುಣಿ 55 ಇದ್ದು ಗಿಡ 15 ಇದ್ರೆ ನೀರು, ಕಾವಲು, ದನ, ಬೆಂಕಿ ಈ ಕಡೆ ಪ್ರಶ್ನೆ ಹೋಗ್ಬೇಕು. ಈ ಎರಡು ಬೇರೆ ಬೇರೆ ದೂರು, ಒಂದರಲ್ಲಿ ಇನ್ನೊಂದನ್ನ ಬೆರೆಸಬೇಡಿ. ಇನ್ನೊಂದು ಒಳ್ಳೆ ಉಪಾಯ, ಗೂಗಲ್ ಅರ್ಥಲ್ಲಿ ಹಳೇ ವರ್ಷದ ಉಪಗ್ರಹ ಚಿತ್ರ ತೆಗೆದು ನೋಡಿ. ಹೊಸದಾಗಿ ನೆಟ್ಟಿದೀವಿ ಅಂದ ಜಾಗದಲ್ಲಿ ಹತ್ತು ವರ್ಷದ ಹಿಂದೇನೇ ನೀಲಗಿರಿ ತೋಪಿದ್ರೆ ಅಥವಾ ಒಳ್ಳೆ ಕುರುಚಲು ಕಾಡಿದ್ರೆ ಅಲ್ಲೇ ಕಾಣುತ್ತೆ. ಹುಲ್ಲುಗಾವಲನ್ನ, ಕುರುಚಲು ಕಾಡನ್ನ ಜೆಸಿಬಿಲಿ ಕಿತ್ತು ಗಿಡ ನೆಡೋದು ಪರಿಸರಕ್ಕೆ ಮಾಡೋ ಖರ್ಚಲ್ಲ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ, ಲೆಕ್ಕ ಎಲ್ಲಾ ಸರಿ ಇದ್ರೂ ಇದನ್ನ ನಿಮ್ಮ ವರದೀಲಿ ಬರೀರಿ. ಗುಣಿ ತೋಡಿದ ಕೂಲಿ ನರೇಗಾದ್ದಾಗಿದ್ರೆ ಎನ್‌ಎಂಆರ್‌ನಲ್ಲಿ (ಕೂಲಿಯವರ ಹಾಜರಿ ಪಟ್ಟಿ) ಹೆಸರಿರೋ ನಾಲ್ಕು ಮನೆಗೆ ಹೋಗಿ ಕೆಲಸ ಮಾಡಿದ್ರಾ, ದುಡ್ಡು ಬಂತಾ ಅಂತ ಕೇಳಿ, ಆದ್ರೆ ಅವರ ಹೆಸರು ಹೊರಗೆ ಹಾಕ್ಬೇಡಿ, ನಾಳೆ ಅವರಿಗೆ ಕೆಲಸ ಸಿಗೋದು ಕಷ್ಟ ಆಗಬಾರದು.

ಬರೆಯೋ ವಿಷಯಕ್ಕೆ ಬಂದ್ರೆ, ಎರಡು ಪುಟ ಮೀರಬೇಡಿ. ನಾಲ್ಕು ಕಾಲಂ ಸಾಕು: ಏನಾಗ್ಬೇಕಿತ್ತು, ಏನಾಗಿದೆ, ವ್ಯತ್ಯಾಸ ಎಷ್ಟು, ಅದಕ್ಕೆ ಆಧಾರ ಯಾವ ಪುಟ, ಯಾವ ಫೋಟೋ. "ಲೂಟಿ", "ಭ್ರಷ್ಟಾಚಾರ" ಅನ್ನೋ ಪದ ಹಾಕ್ಬೇಡಿ, "ಬಿಲ್ಲಿನಲ್ಲಿ 40 ದೀಪ, ಸ್ಥಳದಲ್ಲಿ 27 ದೀಪ, 13 ದೀಪದ ವಿವರ ದಾಖಲೆಯಲ್ಲಿಲ್ಲ" ಅಂತ ಬರೀರಿ. ಅದನ್ನ ಮೊದಲು ಪಿಡಿಒಗೆ ಕೊಟ್ಟು ಹದಿನೈದು ದಿನ ಟೈಮ್ ಕೊಡಿ. ಇದು ಸೌಜನ್ಯಕ್ಕೆ ಮಾತ್ರ ಅಲ್ಲ, ಸಿಎಜಿಯವರೂ ಇಲಾಖೆ ಉತ್ತರ ಕೇಳಿನೇ ವರದಿ ಮುಗಿಸೋದು. ಎಷ್ಟೋ ಸಲ ಆ 13 ದೀಪ ಪಕ್ಕದ ಹಟ್ಟೀಲಿ ಹಾಕಿರ್ತಾರೆ, ಬರೆಯೋದು ಮರೆತಿರ್ತಾರೆ. ಅದಕ್ಕೂ ಮುಂಚೆನೇ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರೆ ಆ ಮನುಷ್ಯನ ಮರ್ಯಾದೇನೂ ಹೋಗುತ್ತೆ, ನಿಮ್ಮ ಮಾತಿಗೂ ಬೆಲೆ ಇರಲ್ಲ. ಪಿಡಿಒಗಳಲ್ಲಿ ಹಗಲು ರಾತ್ರಿ ದುಡಿಯೋರು ತುಂಬಾ ಜನ ಇದಾರೆ, ಎರಡು ಪಂಚಾಯ್ತಿ ಚಾರ್ಜ್ ಒಬ್ರ ಮೇಲೇ ಇರುತ್ತೆ, ಅದನ್ನೂ ತಿಳ್ಕೊಂಡೇ ಮಾತಾಡ್ಬೇಕು.

ಉತ್ತರ ಬರ್ಲಿಲ್ಲ ಅಂದ್ರೆ ಜಮಾಬಂದಿಗೆ ತಗೊಂಡೋಗಿ. ವರ್ಷಕ್ಕೊಂದು ಸಲ, ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಪಂಚಾಯ್ತಿ ಲೆಕ್ಕನ ಜನರ ಮುಂದೆ ಇಡೋ ಸಭೆ ಇದು, ಹೊರಗಿಂದ ಒಬ್ರು ಅಧಿಕಾರಿ ಬರ್ತಾರೆ, ಪುಸ್ತಕನೂ ನೋಡ್ಬೇಕು, ಕಾಮಗಾರಿ ಜಾಗಕ್ಕೂ ಹೋಗ್ಬೇಕು. ಬಹಳ ಊರಲ್ಲಿ ಹತ್ತು ಜನಾನೂ ಬರಲ್ಲ. ತಾರೀಕು ಮುಂಚೆನೇ ಕೇಳಿಟ್ಕೊಂಡು ಇಪ್ಪತ್ತು ಜನ ಹೋಗಿ, ನಿಮ್ಮ ಎರಡು ಪುಟನ ಆ ಅಧಿಕಾರಿ ಕೈಗೆ ಕೊಟ್ಟು ಸ್ವೀಕೃತಿ ಹಾಕಿಸ್ಕೊಳ್ಳಿ, ನಡಾವಳೀಲಿ ಬರೆಸಿ, ಬರೆದಿದ್ದನ್ನ ಓದಿಸಿ ಕೇಳಿ. ಗ್ರಾಮಸಭೇಲೂ ಹಾಗೇ. ಅಲ್ಲೂ ಆಗ್ಲಿಲ್ಲ ಅಂದ್ರೆ ಇಒಗೆ, ಜಿಲ್ಲಾ ಪಂಚಾಯ್ತಿ ಸಿಇಒಗೆ. ದುಡ್ಡು ತಿಂದಿರೋದಕ್ಕೆ ಗಟ್ಟಿ ದಾಖಲೆ ಇದ್ರೆ ಮಾತ್ರ ಲೋಕಾಯುಕ್ತಕ್ಕೆ, ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ. ಪ್ರಮಾಣ ಮಾಡಿ ಕೊಡೋದು ಅದು, ಅನುಮಾನದ ಮೇಲೆ ಕೊಡ್ಬೇಡಿ.

ನಮ್ಮ ಆರು ದೀಪದಲ್ಲಿ ವಾರಂಟಿ ಪತ್ರ ತೋರಿಸಿದ ಮೇಲೆ ನಾಲ್ಕಕ್ಕೆ ಬ್ಯಾಟರಿ ಬಂತು, ಬ್ಯಾಟರಿ ಕಳುವಾದ ಎರಡಕ್ಕೆ ಇನ್ನೂ ಬಂದಿಲ್ಲ, ಕಳುವಿಗೆ ವಾರಂಟಿ ಬರಲ್ಲ ಅಂತಾರೆ, ಅದಕ್ಕೆ ಕಂಬದ ಮೇಲ್ಗಡೆ ಬೀಗ ಇರೋ ಪೆಟ್ಟಿಗೆ ಮಾಡಿಸಿ ಅಂತ ಗ್ರಾಮಸಭೇಲಿ ಬರೆಸಿದೀವಿ. ಅದೇ ಕೈನಕ್ಷೆ, ಅದೇ ಕಂಬದ ನಂಬರ್ ಇಟ್ಕೊಂಡು ಆರು ತಿಂಗಳಿಗೊಂದು ಸಲ ಬೆಳಗಿನ ಜಾವ ನಾಲ್ಕಕ್ಕೆ ಸುತ್ತು ಹಾಕ್ತೀವಿ. ನೀವೂ ಮೊದಲ್ನೇ ಎಣಿಕೆಯ ನೋಟ್‌ಬುಕ್ ಬಿಸಾಕ್ಬೇಡಿ, ಮುಂದಿನ ಎಣಿಕೆನ ಅದರ ಪಕ್ಕದ ಕಾಲಮ್ಮಲ್ಲೇ ಬರೀರಿ.